ಕಾರಿನ ಸರ್ವೀಸಿಗೆ ಮುಂಗಡ ಹಣ ಕೊಡಬೇಕೇ?



ಹೊಸ ಕಾರು ಕೊಳ್ಳುವ ಮನೆಯವರಿಗೆ ಈಗ ಎರಡು ಬೆಲೆಗಳು. ಒಂದು ಕಾರಿನ ಬೆಲೆ. ಅದನ್ನು ನಮ್ಮವರು ನಾಲ್ಕು ಕಡೆ ವಿಚಾರಿಸಿ, ಚೌಕಾಸಿ ಮಾಡಿ, ಸರಿಯಾಗಿಯೇ ಕೊಡುತ್ತಾರೆ. ಇನ್ನೊಂದು, ಕೀಲಿಕೈ ಕೊಡುವ ಮೊದಲು ಷೋರೂಮಿನ ಹುಡುಗ ಮೇಜಿನ ಮೇಲೆ ಒಂದೊಂದಾಗಿ ಇಡುವ ಕಾಗದಗಳ ಬೆಲೆ: ವಿಮೆ, ಹೆಚ್ಚುವರಿ ವಾರಂಟಿ, ಬಣ್ಣದ ಹೊಳಪು, ಸೀಟಿನ ಹೊದಿಕೆ, ಕಡೆಗೆ ಸರ್ವೀಸ್ ಪ್ಯಾಕೇಜ್. ಆ ಹೊತ್ತಿಗೆ ಮನೆಯವರೆಲ್ಲ ಹೂವಿನ ಹಾರ ಹಿಡಿದು ಕಾರಿನ ಪಕ್ಕ ನಿಂತಿರುತ್ತಾರೆ. ಅಂಗಡಿಯಲ್ಲಿ ಹತ್ತು ರೂಪಾಯಿಗೆ ಲೆಕ್ಕ ಕೇಳುವವರು ಅಲ್ಲಿ ಇಪ್ಪತ್ತು ಸಾವಿರಕ್ಕೆ ರುಜು ಹಾಕಿ ಎದ್ದು ಬರುತ್ತಾರೆ. (ಸೀಟಿನ ಹೊದಿಕೆ ಚರ್ಮದ್ದೇ ಎಂದು ಕೇಳಿ ಬೇಡವೆನ್ನುವುದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಸ್ಟಿಯರಿಂಗಿನ ಸುತ್ತಲಿನ ಹೊದಿಕೆ ಯಾವುದರದೆಂದು ಕೇಳಲು ಮಾತ್ರ ಮರೆಯುತ್ತಾರೆ.)

ಈ ಸರ್ವೀಸ್ ಪ್ಯಾಕೇಜಿನ ವಿಷಯವನ್ನು ಈ ತಿಂಗಳು ತೆಗೆದುಕೊಳ್ಳಲು ಕಾರಣ ನಮ್ಮ ಸೋದರಳಿಯ. ಅವನೂ ನಾವಿರುವ ಬೊಕ್ಕಾಪುರದಲ್ಲಿಯೇ ದಿನಸಿ ಅಂಗಡಿ ಇಟ್ಟಿದ್ದಾನೆ. ಅವನ ತಾಯಿ, ಎಂದರೆ ನಮ್ಮ ಅಕ್ಕನವರಿಗೆ, ವಾರಕ್ಕೆ ಎರಡು ದಿನ ಊಟಿಯಲ್ಲಿ ಡಯಾಲಿಸಿಸ್ ಆಗಬೇಕು. ಬಾಡಿಗೆ ಜೀಪು ಒಂದು ದಿನ ಸಿಕ್ಕರೆ ಇನ್ನೊಂದು ದಿನ ಸಿಗುತ್ತಿರಲಿಲ್ಲ. ಕಾಡಿನ ಸೀಸನ್ನಿನಲ್ಲಿ ಎಲ್ಲ ಜೀಪುಗಳೂ ಪ್ರವಾಸಿಗರಿಗೇ. ಆದ್ದರಿಂದ ಸಾಲ ಮಾಡಿ ಕಾರು ತೆಗೆದುಕೊಂಡ. ಕೊಯಮತ್ತೂರಿನ ಒಂದು ಷೋರೂಮಿನಲ್ಲಿ ಬೆಲೆ ಕಡಿಮೆ ಸಿಕ್ಕಿತು. ಅಲ್ಲಿಯೇ ಪ್ಯಾಕೇಜಿನ ಕಾಗದವನ್ನೂ ಮುಂದಿಟ್ಟರು. ಅವನು ರುಜು ಹಾಕದೆ, ಒಂದು ವಾರದ ಗಡುವು ಕೇಳಿ, ಕಾಗದವನ್ನು ನಮ್ಮ ಬಳಿ ತಂದು, 'ಮಾವ, ನೀವೇ ಒಂದು ಸಲ ನೋಡಿ ಹೇಳಿ' ಎಂದ.

ಅವನ ಅಂಗಡಿಯ ಸ್ಥಿತಿಯನ್ನೂ ಹೇಳಬೇಕು. ಇಲ್ಲಿನ ಅಂಗಡಿಗಳಿಗೆ ಒಂದು ಕಾಲದಲ್ಲಿ ರೆಸಾರ್ಟುಗಳ ವ್ಯಾಪಾರವೇ ದೊಡ್ಡದು. 2018ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಸೀಗೂರು ಆನೆದಾರಿಯ ಹಲವು ರೆಸಾರ್ಟುಗಳಿಗೆ ಬೀಗ ಬಿತ್ತು. 2020ರ ಅಕ್ಟೋಬರ್ 14ರಂದು ಅದೇ ಕೋರ್ಟು ಆನೆದಾರಿಯ ಆದೇಶವನ್ನು ಎತ್ತಿಹಿಡಿಯಿತು. ಆನೆಯ ದಾರಿ ಆನೆಗೆ ಸಿಕ್ಕಿದ್ದನ್ನು ಜೈನರಾದ ನಾವು ತಪ್ಪೆನ್ನಲಾರೆವು. ಆದರೆ ಅಂಗಡಿಯ ರೋಖ ಇಳಿದದ್ದೂ ನಿಜವೇ. ಇಂತಹವನಿಗೆ ಇಪ್ಪತ್ತನಾಲ್ಕು ಸಾವಿರ ರೂಪಾಯಿ ಎಂದರೆ ಎರಡು ತಿಂಗಳ ಬೇಳೆ-ಎಣ್ಣೆಯ ಸರಕು.

ಮೊದಲು ಒಂದು ಗೊಂದಲವನ್ನು ಬಿಡಿಸೋಣ. ವಾರಂಟಿ ಬೇರೆ, ಸರ್ವೀಸ್ ಪ್ಯಾಕೇಜ್ ಬೇರೆ. ವಾರಂಟಿ ಎಂದರೆ ತಯಾರಿಕೆಯಲ್ಲಿ ದೋಷವಿದ್ದು ಭಾಗ ಕೆಟ್ಟರೆ ಕಂಪನಿ ಸರಿಮಾಡಿ ಕೊಡುವ ಮಾತು. ಹೆಚ್ಚುವರಿ ಹಣ ಕೊಟ್ಟು ಅದರ ಅವಧಿಯನ್ನು ಬೆಳೆಸಿಕೊಳ್ಳಬಹುದು. ಸರ್ವೀಸ್ ಪ್ಯಾಕೇಜ್ ಎಂದರೆ, ಕಾರು ಚೆನ್ನಾಗಿದ್ದರೂ ಮಾಡಿಸಲೇಬೇಕಾದ ಆಯಿಲ್, ಫಿಲ್ಟರ್ ಬದಲಾವಣೆ, ತಪಾಸಣೆ, ಇವುಗಳ ಖರ್ಚನ್ನು ಈಗಲೇ ಒಟ್ಟಾಗಿ ಕೊಟ್ಟುಬಿಡುವುದು. ಒಂದು ವಿಮೆಯಂತೆ, ಇನ್ನೊಂದು ಮುಂಗಡ ಖರೀದಿಯಂತೆ. ಗೇರ್‌ಬಾಕ್ಸ್ ಹೋದರೆ ಪ್ಯಾಕೇಜ್ ಬರುವುದಿಲ್ಲ. ಆಯಿಲ್ ಹಳೆಯದಾದರೆ ವಾರಂಟಿ ಬರುವುದಿಲ್ಲ. ಎರಡಕ್ಕೂ ಒಂದೇ ಹೆಸರಿಟ್ಟು ಮಾರುವವರೂ ಇದ್ದಾರೆ, ಆದ್ದರಿಂದ ಕಾಗದದ ಒಳಗೆ ಏನು ಬರೆದಿದೆ ಎಂಬುದೇ ಮುಖ್ಯ.

'ಮೊದಲ ಮೂರು ಸರ್ವೀಸ್ ಫ್ರೀ' ಎಂಬುದರ ಅರ್ಥವೂ ಹಲವರಿಗೆ ತಿಳಿದಿಲ್ಲ. ಸಾಮಾನ್ಯವಾಗಿ ಅಲ್ಲಿ ಕೂಲಿ ಮಾತ್ರ ಫ್ರೀ. ಆಯಿಲ್, ಫಿಲ್ಟರುಗಳ ಹಣ ನಮ್ಮದೇ. ಆ ಕೂಲಿಯನ್ನೂ ಪ್ಯಾಕೇಜಿನ ಲಾಭದ ಪಟ್ಟಿಯಲ್ಲಿ ಸೇರಿಸಿ ತೋರಿಸಿದರೆ, ನಮಗೆ ಆಗಲೇ ಬಂದಿರುವುದನ್ನು ನಮಗೇ ಇನ್ನೊಮ್ಮೆ ಮಾರಿದಂತೆ.

ಈಗ ಲೆಕ್ಕ. ಸೋದರಳಿಯನ ಮುಂದೆ ಇಟ್ಟದ್ದು ಎರಡು ಬಗೆ. ಸಣ್ಣದು ರೂ. 24,000; ನಾಲ್ಕು ವರ್ಷ ಅಥವಾ 40,000 ಕಿಲೋಮೀಟರ್, ಯಾವುದು ಮೊದಲೋ ಅದು. ಇದರಲ್ಲಿ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ನಾಲ್ಕು ಸರ್ವೀಸು. ದೊಡ್ಡದು ರೂ. 41,000, ಇದರಲ್ಲಿ ಬ್ರೇಕ್ ಪ್ಯಾಡ್, ವೈಪರ್ ಮೊದಲಾದವು ಸೇರಿವೆ.

'ಯಾವುದು ಮೊದಲೋ ಅದು' ಎಂಬ ಮೂರು ಪದಗಳಲ್ಲಿಯೇ ಅರ್ಧ ವ್ಯಾಪಾರವಿದೆ. ಬೊಕ್ಕಾಪುರದಿಂದ ಊಟಿಗೆ ಹೋಗಿಬರಲು ಸುಮಾರು 70 ಕಿಲೋಮೀಟರ್. ವಾರಕ್ಕೆ ಎರಡರಂತೆ ವರ್ಷಕ್ಕೆ 104 ಸಲ, 7,280 ಕಿಲೋಮೀಟರ್ ಆಯಿತು. ಗೂಡಲೂರು, ಮೈಸೂರು ಓಡಾಟ ಸೇರಿ ವರ್ಷಕ್ಕೆ 12,000 ಎಂದಿಟ್ಟುಕೊಂಡೆವು. ಆಗ 40,000 ಕಿಲೋಮೀಟರ್ ಮುಗಿಯುವುದು ಮೂರು ವರ್ಷ ನಾಲ್ಕು ತಿಂಗಳಿಗೆ. ನಾಲ್ಕು ವರ್ಷದ ಪ್ಯಾಕೇಜ್ ಎಂದು ಬಾಯಲ್ಲಿ ಹೇಳಿದ್ದು ಅವನ ಪಾಲಿಗೆ ನಲವತ್ತು ತಿಂಗಳದ್ದು. ನಮ್ಮಲ್ಲಿ ಹಲವರದು ಇದಕ್ಕೆ ತದ್ವಿರುದ್ಧ. ಮನೆಯಿಂದ ಅಂಗಡಿ, ಅಂಗಡಿಯಿಂದ ಬಸದಿ. ಚಾತುರ್ಮಾಸದಲ್ಲಿ ಸಂಚಾರಕ್ಕೆ ಮಿತಿ ಹಾಕಿಕೊಳ್ಳುವ ಹಿರಿಯರಿರುವ ಮನೆಗಳಲ್ಲಿ ನಾಲ್ಕು ತಿಂಗಳು ಕಾರು ಹೆಚ್ಚು ಹೊರಗೆ ಬರುವುದೇ ಇಲ್ಲ. ಅಂತಹವರ ಕಾರು ನಾಲ್ಕು ವರ್ಷಕ್ಕೆ ಹದಿನೈದು ಸಾವಿರವೂ ಓಡದು. ಅವರಿಗೆ ವರ್ಷ ಮೊದಲು ಮುಗಿಯುತ್ತದೆ. ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಬೇಕಾದ್ದು ಸರಿ. ಆದರೆ ನಲವತ್ತು ಸಾವಿರದ ಓಟಕ್ಕೆಂದು ಕೊಟ್ಟ ಹಣದ ಉಳಿದ ಭಾಗ ಹೋದಂತೆಯೇ.

ಅದೇ ನಾಲ್ಕು ಸರ್ವೀಸುಗಳನ್ನು ಆಗಾಗ ಹಣ ಕೊಟ್ಟು ಮಾಡಿಸಿದರೆ ಎಷ್ಟು? ವರ್ಕ್‌ಶಾಪಿನ ಈಗಿನ ದರಪಟ್ಟಿಯನ್ನೇ ಕೇಳಿ ತರಿಸಿದೆವು. ಮೊದಲನೆಯದು ರೂ. 4,000, ಎರಡನೆಯದು 7,000, ಮೂರನೆಯದು 5,500, ನಾಲ್ಕನೆಯದು 8,500, ಒಟ್ಟು 25,000. ಬೆಲೆ ವರ್ಷಕ್ಕೆ ಶೇ. 6ರಂತೆ ಏರುತ್ತದೆ ಎಂದು ಹಿಡಿದರೆ ಸುಮಾರು 28,500. ಪ್ಯಾಕೇಜ್ 24,000. ಷೋರೂಮಿನ ಹುಡುಗನ ಲೆಕ್ಕ ಇಲ್ಲಿಗೆ ಮುಗಿಯುತ್ತದೆ: ನಾಲ್ಕೂವರೆ ಸಾವಿರ ಉಳಿತಾಯ.

ವ್ಯಾಪಾರಿಯ ಲೆಕ್ಕ ಇಲ್ಲಿಂದ ಶುರುವಾಗಬೇಕು. ಇಪ್ಪತ್ತನಾಲ್ಕು ಸಾವಿರ ಇಂದೇ ಹೋಯಿತು. ಸೇವೆ ಬರುವುದು ಹತ್ತು ತಿಂಗಳಿಗೊಮ್ಮೆ. ಅಲ್ಲಿಯವರೆಗೆ ಹಣ ಅವರ ಬಳಿ. ಬಳಕೆಯಾದಂತೆ ಇಳಿಯುವ ಬಾಕಿಗೆ ಬಡ್ಡಿ ಕಟ್ಟಿದೆವು. ಬ್ಯಾಂಕಿನ ಡಿಪಾಜಿಟ್ಟಿಗೆ ಶೇ. 7 ಹಿಡಿದರೆ ಸುಮಾರು ರೂ. 3,800 ಬಡ್ಡಿ ನಷ್ಟ. ಆಗ ಪ್ಯಾಕೇಜಿನ ಲಾಭ ಏಳುನೂರು ರೂಪಾಯಿಗೆ ಬಂತು. ಅಂಗಡಿಯ ಬಂಡವಾಳ ಶೇ. 12 ದುಡಿಯುತ್ತದೆ ಎಂದು ಹಿಡಿದರೆ ಸುಮಾರು ರೂ. 6,600, ಆಗ ಎರಡು ಸಾವಿರ ನುಕಸಾನು. ಇನ್ನು ಅದೇ ಹಣವನ್ನು 'ಸಾರ್, ಲೋನಿನಲ್ಲೇ ಸೇರಿಸಿಬಿಡುತ್ತೇವೆ' ಎಂದು ಐದು ವರ್ಷದ ಸಾಲಕ್ಕೆ ಶೇ. 9.5ರಂತೆ ಹಾಕಿದರೆ ತಿಂಗಳಿಗೆ ರೂ. 504, ಒಟ್ಟು ರೂ. 30,240 ಕಟ್ಟುತ್ತೇವೆ. ಪ್ಯಾಕೇಜ್ ಮುಗಿದ ಮೇಲೂ ಇಪ್ಪತ್ತು ತಿಂಗಳು ಅದರ ಕಂತು ನಡೆಯುತ್ತದೆ. ಮುಗಿದುಹೋದ ಆಯಿಲ್ಲಿಗೆ ಕಂತು ಕಟ್ಟುವುದನ್ನು ನಾವು ಯಾವ ಖಾತೆಯಲ್ಲಿಯೂ ಒಪ್ಪುವುದಿಲ್ಲ.

'ಬೆಲೆ ಏರಿದರೂ ನಿಮಗೆ ಏರುವುದಿಲ್ಲ' ಎಂಬ ಮಾತನ್ನು ಜೋರಾಗಿ ಹೇಳುತ್ತಾರೆ. ಬೆಲೆ ಇಳಿದರೂ ನಮಗೆ ಇಳಿಯುವುದಿಲ್ಲ ಎಂಬುದನ್ನು ಹೇಳುವುದಿಲ್ಲ. ಇಳಿಯುವುದೂ ಉಂಟೇ ಎಂದು ನಗಬೇಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ನೂರು ರೂಪಾಯಿಯ ಭಾಗ 128ಕ್ಕೆ ಬೀಳುತ್ತಿದ್ದದ್ದು 118 ಆಯಿತು. ಅದಕ್ಕೆ ಮೊದಲೇ ಪೂರಾ ಹಣ ಕಟ್ಟಿ ಕುಳಿತವರು, ತಮ್ಮ ಕರಾರಿನಲ್ಲಿ ಈ ಇಳಿಕೆಗೆ ಅವಕಾಶವಿದೆಯೇ ಎಂದು ಕಾಗದ ಬಿಚ್ಚಿ ನೋಡಬೇಕಾಯಿತು.

ಜಿ.ಎಸ್.ಟಿ. ಮಾತು ಬಂದದ್ದರಿಂದ ಇನ್ನೊಂದು ಮಾತು. 'ಅಂಗಡಿಯ ಹೆಸರಿನಲ್ಲಿ ಬಿಲ್ಲು ಮಾಡಿಸಿ, ತೆರಿಗೆ ವಾಪಸು ತೆಗೆದುಕೊಳ್ಳಿ' ಎಂದು ಮಾರುವವರೇ ಉಪದೇಶ ಮಾಡುತ್ತಾರೆ. ಚಾಲಕನೂ ಸೇರಿ ಹದಿಮೂರು ಜನರವರೆಗಿನ ಪ್ರಯಾಣಿಕ ಗಾಡಿಗಳಿಗೆ ಕಾಯಿದೆಯ 17(5)ನೆಯ ಕಲಮಿನಂತೆ ಸಾಮಾನ್ಯ ವ್ಯಾಪಾರಿಗೆ ಈ ತೆರಿಗೆ ಜಮೆ ಸಿಗುವುದಿಲ್ಲ. ಕಾರಿಗೆ ಮಾತ್ರವಲ್ಲ, ಅದರ ವಿಮೆ, ರಿಪೇರಿ, ಸರ್ವೀಸಿಗೂ ಇಲ್ಲ. ಟ್ಯಾಕ್ಸಿ ಓಡಿಸುವವರು, ಡ್ರೈವಿಂಗ್ ಶಾಲೆಯವರು, ಕಾರು ಮಾರುವವರಿಗೆ ಬೇರೆ ನಿಯಮ. ಸರಕು ಸಾಗಿಸುವ ಪಿಕಪ್ ಗಾಡಿಯದು ಬೇರೆ ಮಾತು, ಅದಕ್ಕೆ ಸಿಗುತ್ತದೆ. ಆದ್ದರಿಂದ ಮನೆಯ ಕಾರಿನ ಪ್ಯಾಕೇಜನ್ನು ತೆರಿಗೆ ಸೇರಿಸಿದ ಬೆಲೆಯಲ್ಲಿಯೇ ತೂಗಬೇಕು.

ಇಷ್ಟಾದ ಮೇಲೆ ನಮಗೆ ಅನ್ನಿಸಿದ್ದು, ಹಣದ ಲೆಕ್ಕದಲ್ಲಿ ಈ ಸಣ್ಣ ಪ್ಯಾಕೇಜು ದೊಡ್ಡ ಲಾಭವೂ ಅಲ್ಲ, ದೊಡ್ಡ ಮೋಸವೂ ಅಲ್ಲ. ಹೆಚ್ಚುಕಡಿಮೆ ಎರಡು ಸಾವಿರದ ಆಚೀಚೆ. ತೀರ್ಮಾನ ಆಗಬೇಕಾದದ್ದು ಬೇರೆ ಕಡೆಯಲ್ಲಿ.

ನಮ್ಮ ದಾರಿಯನ್ನು ಕಂಡವರಿಗೆ ತಿಳಿಯುತ್ತದೆ. ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ಮಸಿನಗುಡಿ ಸುಮಾರು ಸಾವಿರ ಮೀಟರ್. ಆ ಇಳಿತವೆಲ್ಲ ಸ್ವಲ್ಪ ದೂರದಲ್ಲಿಯೇ ಮುಗಿಯಬೇಕು. ಅಪಘಾತಗಳಾಗಿ ಆಗಿ, ಹೊರಗಿನ ವಾಹನಗಳು ಈ ದಾರಿಯಲ್ಲಿ ಇಳಿಯದಂತೆ ಮಾಡಿದ್ದಾರೆ. ಹತ್ತಬಹುದು, ಇಳಿಯುವುದು ನೀಲಗಿರಿಯ ನೋಂದಣಿಯ ಗಾಡಿಗಳು ಮಾತ್ರ. ನಮ್ಮವನ ಗಾಡಿ ಟಿ.ಎನ್. 43, ವರ್ಷಕ್ಕೆ ನೂರನಾಲ್ಕು ಸಲ ಇಳಿಯುತ್ತದೆ. ಅದೂ ಹೇಗೆ? ಅಕ್ಕನವರು ರಾತ್ರಿಭೋಜನ ತ್ಯಾಗ ಮಾಡಿದವರು. ಡಯಾಲಿಸಿಸ್ ಮುಗಿದು ಸುಸ್ತಾದ ಜೀವ ಸೂರ್ಯಾಸ್ತದೊಳಗೆ ಮನೆಗೆ ಬಂದು ಎರಡು ತುತ್ತು ತಿನ್ನಬೇಕು. ತಡವಾದರೆ ಅಂದು ಉಪವಾಸವೇ. ಕತ್ತಲಾದ ಮೇಲೆ ಆನೆ ದಾರಿಯಲ್ಲಿ ನಿಂತಿದ್ದರೆ ಗಾಡಿ ಎಷ್ಟು ಹೊತ್ತಾದರೂ ಕಾಯಬೇಕು. ಇಂತಹ ಗಾಡಿಗೆ ಬ್ರೇಕು ಮತ್ತು ಕ್ಲಚ್ಚು ಮೊದಲು, ಮಿಕ್ಕದ್ದೆಲ್ಲ ಆಮೇಲೆ.

ಪ್ಯಾಕೇಜುಗಳನ್ನು ಲೆಕ್ಕ ಹಾಕುವುದು ಸಮತಟ್ಟಾದ ಊರಿನ ಓಟಕ್ಕೆ. ಅಲ್ಲಿ ಮುಂದಿನ ಬ್ರೇಕ್ ಪ್ಯಾಡು ಮೂವತ್ತು, ನಲವತ್ತು ಸಾವಿರ ಕಿಲೋಮೀಟರ್ ಬಂದೀತು. ಇಲ್ಲಿ ಅಷ್ಟು ಬರುವುದಿಲ್ಲ. ಹದಿನೈದು ಸಾವಿರಕ್ಕೇ ನೋಡಬೇಕು ಎಂಬುದು ಮಸಿನಗುಡಿಯ ಜೀಪಿನವರ ಅನುಭವ. ರೂ. 41,000ದ ದೊಡ್ಡ ಪ್ಯಾಕೇಜಿನಲ್ಲಿ ಬ್ರೇಕ್ ಪ್ಯಾಡ್ ಇದೆ ಎಂದು ಸೋದರಳಿಯನಿಗೆ ಆಸೆ ಹುಟ್ಟಿತ್ತು. ಸಣ್ಣ ಅಕ್ಷರ ಓದಿದರೆ 'ಒಂದು ಸಲ ಮಾತ್ರ' ಎಂದಿತ್ತು. ಕ್ಲಚ್ ಪ್ಲೇಟ್ ಇಲ್ಲವೇ ಇಲ್ಲ. ಪ್ಯಾಡ್ ಜೊತೆ ಕೂಲಿ ಸೇರಿ ಒಂದು ಸಲಕ್ಕೆ ರೂ. 3,500ರಂತೆ ಮೂರು ಸಲ ಹಾಕಿಸಿದರೂ ರೂ. 10,500. ಹೆಚ್ಚು ಕೇಳುತ್ತಿದ್ದದ್ದು 17,000, ಅದರಲ್ಲಿ ಒಂದು ಸಲದ ಪ್ಯಾಡು. ದೊಡ್ಡ ಪ್ಯಾಕೇಜನ್ನು ಅಲ್ಲಿಗೇ ಕೈಬಿಟ್ಟೆವು.

ಬ್ರೇಕಿನ ಎಣ್ಣೆಯ ವಿಷಯವನ್ನು ಘಟ್ಟದ ಮೇಲಿನ ಎಲ್ಲ ಮನೆಯವರೂ ತಿಳಿದಿರಬೇಕು. ಆ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಂತೆ ಅದು ಕುದಿಯುವ ಬಿಸಿ ಕಡಿಮೆಯಾಗುತ್ತದೆ. ಉದ್ದದ ಇಳಿತದಲ್ಲಿ ಬ್ರೇಕನ್ನೇ ಒತ್ತಿಕೊಂಡು ಬಂದರೆ ಎಣ್ಣೆ ಕುದಿದು ಒಳಗೆ ಆವಿಯ ಗುಳ್ಳೆಗಳಾಗಿ, ಪೆಡಲ್ ಒತ್ತಿದರೆ ಬ್ರೇಕು ಹಿಡಿಯದೆ ಸ್ಪಂಜಿನಂತೆ ಇಳಿಯುತ್ತದೆ. ಆದ್ದರಿಂದಲೇ ಕೆಳಗಿನ ಗೇರಿನಲ್ಲಿ ಇಳಿಯಬೇಕು, ಎರಡು ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಾಯಿಸಬೇಕು. ಅದು ಪ್ಯಾಕೇಜಿನಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಪಟ್ಟಿಯಲ್ಲಿ ಇಲ್ಲ ಎಂಬ ಒಂದೇ ಕಾರಣಕ್ಕೆ ಮಾಡಿಸದೆ ಬಿಡುವವರನ್ನು ಕಂಡಿದ್ದೇವೆ. ಮುಂಗಡ ಕೊಟ್ಟವನಿಗೆ ಮತ್ತೆ ಕೈ ಜೇಬಿಗೆ ಹೋಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಈ ಕಾಗದ ಯಾರದು? ಕಾರು ತಯಾರಿಸಿದ ಕಂಪನಿಯದೇ, ಮಾರಿದ ಡೀಲರನದೇ? ಕಂಪನಿಯ ಪ್ಯಾಕೇಜಾದರೆ ಅದರ ಅಧಿಕೃತ ವರ್ಕ್‌ಶಾಪುಗಳಲ್ಲಿ ಬೇರೆ ಊರಿನಲ್ಲೂ ನಡೆಯುವುದುಂಟು. ಸೋದರಳಿಯನಿಗೆ ಕೊಟ್ಟದ್ದರ ತಲೆಬರಹದಲ್ಲಿ ಕಂಪನಿಯ ಚಿಹ್ನೆ ದೊಡ್ಡದಾಗಿತ್ತು, ಕೆಳಗಿನ ಮೊಹರು ಮಾತ್ರ ಡೀಲರನದು. 'ನಮ್ಮ ಯಾವ ಶಾಖೆಯಲ್ಲಾದರೂ' ಎಂದು ಬರೆದಿತ್ತು. ಅವರ ಶಾಖೆಗಳೆಲ್ಲ ಘಟ್ಟದ ಕೆಳಗೆ. ಇಲ್ಲಿಂದ ಕೊಯಮತ್ತೂರಿಗೆ ಹೋಗಿಬರಲು ಸುಮಾರು 240 ಕಿಲೋಮೀಟರ್. ಲೀಟರಿಗೆ ಹದಿನೈದರಂತೆ 16 ಲೀಟರ್ ಪೆಟ್ರೋಲು, ಸಾವಿರದ ಆರುನೂರು ರೂಪಾಯಿ. ನಾಲ್ಕು ಸಲಕ್ಕೆ ರೂ. 6,400. ಏಳುನೂರು ರೂಪಾಯಿಯ ಲಾಭ ಹೀಗೆ ದಾರಿಯಲ್ಲೇ ಉರಿದುಹೋಯಿತು. ಅಂಗಡಿ ಮುಚ್ಚಿದ ದಿನದ ಮಾತು ಬೇರೆ.

ಸುಲ್ತಾನ್ ಬತ್ತೇರಿ, ಕಲ್ಪೆಟ್ಟ ಕಡೆಯ ನಮ್ಮವರು ಮೈಸೂರಿನಲ್ಲಿ ಕಾರು ಕೊಂಡರೂ ಇದೇ ತೊಡಕು. ಬಂಡೀಪುರದ ಕಾಡಿನ ರಸ್ತೆಗಳು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. ವರ್ಕ್‌ಶಾಪಿನವರು 'ಸಂಜೆ ಏಳಕ್ಕೆ ಗಾಡಿ ರೆಡಿ' ಎಂದರೆ ಗುಂಡ್ಲುಪೇಟೆ ದಾಟಿ ಗೇಟು ಸೇರುವುದೇ ಅನುಮಾನ; ಮೈಸೂರಿನಲ್ಲಿ ರಾತ್ರಿ ಉಳಿಯಬೇಕು. 'ಮನೆಯಿಂದಲೇ ಗಾಡಿ ಒಯ್ದು ತಂದುಕೊಡುತ್ತೇವೆ' ಎಂಬ ಸೌಲಭ್ಯ ಎಷ್ಟು ಕಿಲೋಮೀಟರಿನೊಳಗೆ ಎಂದು ಬರೆಸಿಕೊಳ್ಳಬೇಕು.

ಡೀಲರು ಅಂಗಡಿ ಮುಚ್ಚಿದರೆ? ಕಂಪನಿಗಳೇ ಹೋದದ್ದನ್ನು ನೋಡಿದ್ದೇವೆ. ಷೆವರ್ಲೆ ಕಾರಿನ ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಸರ್ವೀಸು ಮುಂದುವರಿಸುತ್ತೇವೆಂದು ಇಬ್ಬರೂ ಹೇಳಿದರು, ಆದರೂ ಗಿರಾಕಿಗೆ ಹಿಂದಿನಂತೆ ಹತ್ತಿರದಲ್ಲಿ ಅಂಗಡಿ ಇರಬೇಕಲ್ಲ. ಕಂಪನಿಯ ಮಾತಿಗೇ ಹೀಗಾದರೆ ಡೀಲರನೊಬ್ಬನ ಮೊಹರಿಗೆ ಎಷ್ಟು ಬಲ? ಕಾರು ಮಾರಿದರೆ ಪ್ಯಾಕೇಜ್ ಹೊಸ ಯಜಮಾನನಿಗೆ ಹೋಗುತ್ತದೆಯೇ, ಅಪಘಾತದಲ್ಲಿ ಕಾರು ಪೂರಾ ಹೋದರೆ ಉಳಿದ ಹಣ ವಾಪಸೇ, ಮಳೆಗಾಲದಲ್ಲಿ ಘಟ್ಟ ಕುಸಿದು ಸರ್ವೀಸಿನ ಗಡುವು ಹದಿನೈದು ದಿನ ದಾಟಿದರೆ ಆ ಸರ್ವೀಸು ಹೋಯಿತೇ ಉಳಿಯಿತೇ, ಇವನ್ನೆಲ್ಲ ಕೇಳಿ ಉತ್ತರವನ್ನು ಕಾಗದದಲ್ಲಿ ಪಡೆಯಬೇಕು. ಬಾಯಿಮಾತಿಗೆ ಗ್ರಾಹಕರ ನ್ಯಾಯಾಲಯದಲ್ಲಿ ಬೆಲೆ ಕಟ್ಟುವುದು ಕಷ್ಟ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹೊರಗಿನ ಮೆಕ್ಯಾನಿಕ್ಕಿನ ಬಳಿ ಹೋದರೆ ವಾರಂಟಿ ರದ್ದು ಎಂದು ಹೆದರಿಸುವುದೂ ಇದೆ. 2014ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು ರೂ. 2,545 ಕೋಟಿ ದಂಡ ಹಾಕಿದಾಗ, ಬಿಡಿಭಾಗಗಳನ್ನು ಹೊರಗೂ ಸಿಗುವಂತೆ ಮಾಡಿ, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಕಿತ್ತುಕೊಳ್ಳಬೇಡಿ ಎಂದಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. ನಾವು ಹೇಳುವುದಿಷ್ಟೇ: ವಾರಂಟಿ ಇರುವವರೆಗೆ ನಿಯಮದ ಸರ್ವೀಸನ್ನು ಅಧಿಕೃತ ಕಡೆಯಲ್ಲಿ ಮಾಡಿಸಿ ರಸೀದಿ ಇಟ್ಟುಕೊಳ್ಳಿ. ಪಂಕ್ಚರು, ಬಲ್ಬು, ವೈಪರಿಗೆ ಊರಿನ ಹುಡುಗನೇ ಸಾಕು. ನಕಲಿ ಬಿಡಿಭಾಗ ಮಾತ್ರ ಎಲ್ಲಿಯೂ ಬೇಡ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು ನಮ್ಮ ಹಿರಿಯರು ಹೇಳಿದ್ದು ತುಪ್ಪಕ್ಕೆ ಮಾತ್ರ ಅಲ್ಲ, ಬ್ರೇಕ್ ಪ್ಯಾಡಿಗೂ ಸಲ್ಲುತ್ತದೆ.

ಹಾಗೆಂದು ಈ ಪ್ಯಾಕೇಜು ಯಾರಿಗೂ ಬೇಡ ಎನ್ನುವುದಿಲ್ಲ. ಮೈಸೂರು, ಹುಬ್ಬಳ್ಳಿ, ಬೆಂಗಳೂರಿನಂತಹ ಊರಿನಲ್ಲಿ, ಕಂಪನಿಯದೇ ಪ್ಯಾಕೇಜು, ಮನೆಯ ಹತ್ತಿರ ವರ್ಕ್‌ಶಾಪು, ವರ್ಷಕ್ಕೆ ಹತ್ತು ಸಾವಿರದ ಓಟ ಇದ್ದವರಿಗೆ ಇದು ಒಳ್ಳೆಯದೇ. ಅದಕ್ಕಿಂತ ಮುಖ್ಯವಾಗಿ, ಬಿಲ್ಲು ನೋಡುವವರಿಲ್ಲದ ಮನೆಗಳಿಗೆ. ಮಕ್ಕಳು ಪರದೇಶದಲ್ಲಿದ್ದು ವೃದ್ಧ ದಂಪತಿಗಳಷ್ಟೇ ಇರುವ ಮನೆ, ದೂರದ ಊರಿನಲ್ಲಿ ಒಬ್ಬಳೇ ಕೆಲಸಕ್ಕಿರುವ ಮಗಳು. ಇವರ ಕೈಗೆ ಪ್ರತಿ ಸಲವೂ 'ಇದೂ ಬದಲಾಯಿಸಬೇಕು, ಅದೂ ತೊಳೆಯಬೇಕು' ಎಂದು ಬೇಡದ ಕೆಲಸದ ಪಟ್ಟಿ ಕೊಡುತ್ತಾರೆ. ಮೊದಲೇ ಬೆಲೆ ಕಟ್ಟಿದ್ದರೆ ಆ ಕಾಟ ಕಡಿಮೆ. ಎರಡು ಸಾವಿರ ಹೆಚ್ಚಾದರೂ ಕೊಡಬಹುದು.

ನಮ್ಮಲ್ಲಿಯೇ ಹಲವರು ನೀರಿನ ಫಿಲ್ಟರು, ಇನ್ವರ್ಟರು ಮಾರಿ ವಾರ್ಷಿಕ ಸರ್ವೀಸಿಗೆ ಮುಂಗಡ ತೆಗೆದುಕೊಳ್ಳುವವರಿದ್ದಾರೆ. ಸೇವೆ ಕೊಡುವ ದಿನದವರೆಗೆ ಆ ಹಣ ಗಿರಾಕಿಯದು, ನಮ್ಮ ಖಾತೆಯಲ್ಲಿ ಸಾಲದ ಬದಿಗೆ ನಿಲ್ಲಬೇಕಾದದ್ದು. ಮೇಜಿನ ಆಚೆ ಕುಳಿತಾಗ ಕೇಳುವ ಪ್ರಶ್ನೆಗಳಿಗೆ ಈಚೆ ಕುಳಿತಾಗಲೂ ಉತ್ತರ ಕೊಡಲು ಬರಬೇಕು.

ಸೋದರಳಿಯ ಡೀಲರಿಗೆ ಎರಡೇ ಪ್ರಶ್ನೆ ಬರೆದು ಕಳಿಸಿದ: ಊಟಿಯಲ್ಲಿರುವ ಅದೇ ಕಂಪನಿಯ ಇನ್ನೊಬ್ಬರ ವರ್ಕ್‌ಶಾಪಿನಲ್ಲಿ ಇದು ನಡೆಯುತ್ತದೆಯೇ, ಉಳಿದ ಹಣ ವಾಪಸು ಉಂಟೇ. ಮೊದಲನೆಯದಕ್ಕೆ ಇಲ್ಲ ಎಂದು ಬಂತು, ಎರಡನೆಯದಕ್ಕೆ ಉತ್ತರವೇ ಬರಲಿಲ್ಲ. ಪ್ಯಾಕೇಜ್ ತೆಗೆದುಕೊಳ್ಳಲಿಲ್ಲ. ಅದರ ಬದಲು ತಿಂಗಳಿಗೆ ರೂ. 1,000 'ಗಾಡಿ ಖಾತೆ' ಎಂದು ಬ್ಯಾಂಕಿನಲ್ಲಿ ಬೇರೆ ಇಡುತ್ತಿದ್ದಾನೆ. ನಲವತ್ತು ತಿಂಗಳಿಗೆ 40,000 ಆಗುತ್ತದೆ. ನಾಲ್ಕು ಸರ್ವೀಸು, ಮೂರು ಸಲದ ಪ್ಯಾಡು ಸೇರಿ ನಮ್ಮ ಅಂದಾಜು 39,000. ಕ್ಲಚ್ಚಿಗೆ ಬೇರೆ ನೋಡಿಕೊಳ್ಳಬೇಕು.

ಮೊದಲ ಸರ್ವೀಸನ್ನು ಊಟಿಯಲ್ಲಿಯೇ, ಡಯಾಲಿಸಿಸ್ಸಿನ ದಿನವೇ ಮಾಡಿಸಿದ. ಅಕ್ಕನವರು ಆಸ್ಪತ್ರೆಯಲ್ಲಿರುವ ನಾಲ್ಕು ಗಂಟೆಯೊಳಗೆ ಗಾಡಿ ಸಿದ್ಧವಾಗಬೇಕೆಂದು ಹಿಂದಿನ ದಿನವೇ ಫೋನು ಮಾಡಿ ಹೇಳಿದ್ದ. ಬಿಲ್ಲು ರೂ. 4,150 ಬಂತು. ಹೆಚ್ಚಿನ 150 ಏತಕ್ಕೆಂದು ಕೇಳಿದರೆ ಗಾಜು ಒರೆಸುವ ನೀರಿನ ದ್ರವವಂತೆ. ಅದನ್ನು ತೆಗೆಸಿದ. ಸಂಜೆ ಐದೂಕಾಲಿಗೆ ಇಬ್ಬರೂ ಮನೆಯಲ್ಲಿದ್ದರು.